ಪಥ್ಯ ತಪ್ಪಿದ ದಿನ: ಗೋಧಿ ಒಗ್ಗದ ಕರುಳಿನ ಆರೈಕೆ

ಜಾತ್ರೆ, ಪುಣ್ಯಾರಾಧನೆ, ಪುರಾಣ ಮಹಾಮಂಗಲದ ದಿನಗಳು ಬಂದವೆಂದರೆ ನಮ್ಮ ಮಠಗಳ ದಾಸೋಹದ ಕಡಾಯಿಗಳಲ್ಲಿ ಗೋಧಿ ಹುಗ್ಗಿ ಕುದಿಯತೊಡಗುತ್ತದೆ. ಉತ್ತರದ ಜಿಲ್ಲೆಗಳಲ್ಲಿ ಮಾದಲಿ, ಸಜ್ಜಕ. ದಕ್ಷಿಣದಲ್ಲಿ ಕೇಸರಿಬಾತು, ಹೋಳಿಗೆ. ಪಂಕ್ತಿಯಲ್ಲಿ ಕುಳಿತವರು ಇದು ಯಾವ ಧಾನ್ಯದ್ದೆಂದು ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಬಹುಪಾಲು ಜನರಿಗಿಲ್ಲ. ಆದರೆ ಅದೇ ಪಂಕ್ತಿಯಲ್ಲಿ, ಬಡಿಸುವವರ ಸೌಟು ತಮ್ಮ ಎಲೆಯತ್ತ ಬರುವಾಗ ಬೇಡವೆನ್ನಲೂ ಆಗದೆ, ಉಣ್ಣಲೂ ಆಗದೆ ಸಂಕಟಪಡುವ ಕೆಲವರುಂಟು. ಸೀಲಿಯಾಕ್ ಕಾಯಿಲೆಯುಳ್ಳವರು ಅವರು. ಗೋಧಿಯನ್ನು ಬಿಟ್ಟು ಬದುಕುವುದನ್ನು ಅವರು ಕಲಿತಿರುತ್ತಾರೆ. ಆದರೆ ಗೋಧಿಯನ್ನು ಉಣ್ಣುವ ಸಮಾಜದ ನಡುವೆ ಇರುವಷ್ಟು ಕಾಲ ಎಂದಾದರೊಂದು ದಿನ ಅರಿಯದೆ ಅದು ಹೊಟ್ಟೆಗೆ ಹೋಗಿಯೇ ಹೋಗುತ್ತದೆ. ಆ ದಿನ ಏನು ಮಾಡಬೇಕು, ಏನು ಮಾಡಬಾರದು, ಅಂತಹ ದಿನಗಳು ಕಡಿಮೆಯಾಗಲು ಸುತ್ತಲಿನವರು ಹೇಗೆ ನೆರವಾಗಬಹುದು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸುತ್ತೇವೆ.

ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇದೆ. ಹೋಳಿಗೆಯ ಕಣಕ ಎಳೆದಂತೆ ಹಿಗ್ಗುವುದು ಇದರಿಂದಲೇ. ಸೀಲಿಯಾಕ್ ಕಾಯಿಲೆಯುಳ್ಳವರ ದೇಹದ ರೋಗರಕ್ಷಕ ವ್ಯವಸ್ಥೆ ಈ ಪ್ರೋಟೀನನ್ನು ಶತ್ರುವೆಂದು ಭಾವಿಸಿ ಹೋರಾಟಕ್ಕೆ ಇಳಿಯುತ್ತದೆ. ಆ ಹೋರಾಟದಲ್ಲಿ ಗಾಯಗೊಳ್ಳುವುದು ಅವರದೇ ಸಣ್ಣಕರುಳಿನ ಒಳಪದರ. ಆಹಾರದ ಸಾರವನ್ನು ಹೀರಿಕೊಳ್ಳುವ, ಬೆರಳಿನಾಕಾರದ ಸೂಕ್ಷ್ಮ ಕುಚ್ಚುಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣಾಂಶ ಸೇರದೆ ರಕ್ತಹೀನತೆ, ಸುಣ್ಣದಂಶ ಸೇರದೆ ಮೂಳೆಗಳ ದುರ್ಬಲತೆ, ಮಕ್ಕಳಲ್ಲಿ ಬೆಳವಣಿಗೆಯ ಕುಂಠಿತ ಇವು ಅದರ ಫಲಗಳು. ಗೋಧಿ ಮುಖ್ಯ ಆಹಾರವಾಗಿರುವ ಉತ್ತರ ಭಾರತದಲ್ಲಿ ನೂರು ಜನರಲ್ಲಿ ಒಬ್ಬರಷ್ಟು ಮಂದಿಗೆ ಈ ಕಾಯಿಲೆಯಿದೆ. ದಕ್ಷಿಣದಲ್ಲಿ ಬಹಳ ಕಡಿಮೆ. ಕಡಿಮೆಯಾಗಿರುವುದರಿಂದಲೇ ನಮ್ಮಲ್ಲಿ ಇದರ ಅರಿವೂ ಕಡಿಮೆ. ಜೀವನಪರ್ಯಂತ ಗ್ಲುಟೆನ್ ವರ್ಜಿಸುವುದರ ಹೊರತು ಇದಕ್ಕೆ ಈವರೆಗೆ ಬೇರೆ ಚಿಕಿತ್ಸೆಯಿಲ್ಲ.

ವರ್ಜಿಸುವುದೆಂದರೆ ಎಷ್ಟರ ಮಟ್ಟಿಗೆ? ಸುತ್ತಲಿನವರಿಗೆ ಅತಿರೇಕವೆಂದು ತೋರುವುದು ಇಲ್ಲಿಯೇ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ 2 ರಿಂದ 3 ಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ ಕೇವಲ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳ ಕಾಲ ಹೊಟ್ಟೆ ಸೇರಿದರೆ ಕರುಳು ಮತ್ತೆ ಹಾನಿಗೊಳ್ಳುತ್ತದೆ ಎಂಬುದನ್ನು ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿದರು. ಅಂದರೆ ಆ ಚಪಾತಿಯನ್ನು ಐವತ್ತು ಚೂರು ಮಾಡಿದರೆ ಅದರಲ್ಲಿ ಒಂದೇ ಒಂದು ಚೂರು! ಗ್ಲುಟೆನ್‌ರಹಿತವೆಂದು ಮಾರುವ ಆಹಾರದಲ್ಲಿ ಕಿಲೋ ಒಂದಕ್ಕೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂದು ನಮ್ಮ ದೇಶದ ಆಹಾರ ನಿಯಮವೂ ವಿಧಿಸಿದೆ. ಆದುದರಿಂದ ‘ಒಂದು ತುತ್ತಿಗೆ ಏನಾಗುತ್ತದೆ’ ಎಂಬ ಮಾತನ್ನು ಈ ಕಾಯಿಲೆಯುಳ್ಳವರ ಮುಂದೆ ಆಡಲಾಗದು.

ಗೋಧಿಗೂ ಈ ಕಾಯಿಲೆಗೂ ಇರುವ ನಂಟು ದೃಢಪಟ್ಟದ್ದು ಒಂದು ಕ್ಷಾಮದ ಕಾಲದಲ್ಲಿ. ಹಾಲೆಂಡಿನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ ಅವರಿಗೆ 1930ರ ದಶಕದಿಂದಲೇ ಗೋಧಿಯ ಮೇಲೆ ಸಂಶಯವಿತ್ತು. 1944–45ರ ಚಳಿಗಾಲದಲ್ಲಿ, ಯುದ್ಧದ ಕಾರಣ ಬ್ರೆಡ್ ಸಿಗದಾಗಿ ಜನರು ಟ್ಯೂಲಿಪ್ ಹೂವಿನ ಗಡ್ಡೆಗಳನ್ನು ಬೇಯಿಸಿ ತಿನ್ನುತ್ತಿದ್ದಾಗ, ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ ಮರಳಿದೊಡನೆ ಅವರು ಮತ್ತೆ ಕಾಯಿಲೆ ಬಿದ್ದರು. 1950ರಲ್ಲಿ ಡಿಕೆ ಅವರು ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ತಮ್ಮ ಪ್ರಬಂಧವನ್ನು ಒಪ್ಪಿಸಿದರು. ಊರಿಗೆಲ್ಲ ಅಮೃತವಾದ ಅನ್ನ ಕೆಲವು ಮಕ್ಕಳ ಪಾಲಿಗೆ ಹಾಗಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಲು ಆ ನಾಡಿನವರಿಗೂ ಕಾಲ ಹಿಡಿಯಿತು.

ನಮ್ಮ ನಾಡಿನ ಮಟ್ಟಿಗೆ ಒಂದು ಸಮಾಧಾನವುಂಟು. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಮೆಕ್ಕೆಜೋಳ ಇವುಗಳಲ್ಲಿ ಸೀಲಿಯಾಕ್ ಕಾಯಿಲೆಗೆ ಕಾರಣವಾಗುವ ಗ್ಲುಟೆನ್ ಇಲ್ಲ. ರೊಟ್ಟಿ, ಮುದ್ದೆ, ಅನ್ನ ಉಣ್ಣುವ ಮನೆಯಲ್ಲಿ ಪಥ್ಯ ಕಷ್ಟವಲ್ಲ. ಆದರೂ ತಪ್ಪುವುದು ಹೇಗೆಂದರೆ, ಗೋಧಿ ಬೇರೆ ಬೇರೆ ಹೆಸರಿನಲ್ಲಿ ಅಡುಗೆಮನೆಯಲ್ಲಿ ಅಡಗಿರುತ್ತದೆ. ರವೆಯೂ ಗೋಧಿಯೇ ಎಂಬುದು ಎಷ್ಟೋ ಮಂದಿಗೆ ಹೊಳೆದಿರುವುದಿಲ್ಲ. ಉಪ್ಪಿಟ್ಟು, ಶಿರಾ, ರವೆ ಇಡ್ಲಿ, ಸಾಮಾನ್ಯ ಶಾವಿಗೆ ಎಲ್ಲವೂ ನಿಷಿದ್ಧ. ಹಳೆಯ ತಳಿಯಾದುದರಿಂದ ಜವೆಗೋಧಿ ಒಗ್ಗುತ್ತದೆಂದು ನಂಬುವವರಿದ್ದಾರೆ. ಅದರಲ್ಲಿಯೂ ಗ್ಲುಟೆನ್ ಇದೆ. ಇಂಗಿನ ಸಂಗತಿಯಂತೂ ಯಾರೂ ಊಹಿಸದಂಥದು. ಅಂಗಡಿಯಲ್ಲಿ ಸಿಗುವ ಕೂಟು ಇಂಗಿಗೆ ಹದ ಬರಲೆಂದು ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿರುವುದು ಸಾಮಾನ್ಯ. ಹೀಗಾಗಿ ಗೋಧಿಯ ಸೋಂಕೇ ಇಲ್ಲವೆಂದು ತೋರುವ ಸಾರು, ಉಪ್ಪಿನಕಾಯಿ, ಒಗ್ಗರಣೆಯ ಮಜ್ಜಿಗೆಗಳೂ ತೊಂದರೆ ಕೊಡಬಲ್ಲವು. ಅಕ್ಕಿ ಹಿಟ್ಟಿನಲ್ಲಿ ಕೂಡಿಸಿದ ಇಂಗು ಸಿಗುತ್ತದೆ. ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳಬೇಕು.

ಇನ್ನು ಹಿಟ್ಟಿನ ಗಿರಣಿ. ಶುದ್ಧವಾದ ಜೋಳವನ್ನೇ ಒಯ್ದರೂ, ಮುಂದಿನವರ ಗೋಧಿ ಬೀಸಿದ ಕಲ್ಲಿನಲ್ಲಿಯೇ ಅದನ್ನು ಬೀಸಿದರೆ ಹಿಟ್ಟಿನೊಡನೆ ಗೋಧಿಯೂ ಮನೆಗೆ ಬರುತ್ತದೆ. ರೊಟ್ಟಿಯನ್ನೇ ಉಣ್ಣುತ್ತಿದ್ದರೂ ಗುಣ ಕಾಣದ ಅನೇಕರ ಒಗಟಿಗೆ ಉತ್ತರ ಇಲ್ಲಿದೆ. ಜೋಳ, ರಾಗಿಗಳಿಗೆ ಪ್ರತ್ಯೇಕ ಯಂತ್ರವಿರುವ ಗಿರಣಿಯನ್ನು ಹುಡುಕುವುದು ಒಳ್ಳೆಯದು. ಅನುಕೂಲವುಳ್ಳವರು ಮನೆಯಲ್ಲಿಯೇ ಸಣ್ಣ ಬೀಸುವ ಯಂತ್ರವನ್ನಿಟ್ಟುಕೊಂಡು ಅದಕ್ಕೆ ಗೋಧಿ ಸೋಕದಂತೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು. ಚಪಾತಿ ಬೇಯಿಸಿದ ಹಂಚು, ಲಟ್ಟಣಿಗೆ, ಪೂರಿ ಕರಿದ ಎಣ್ಣೆ ಇವುಗಳಿಗೂ ಇದೇ ಮಾತು ಸಲ್ಲುತ್ತದೆ.

ಇಷ್ಟೆಲ್ಲ ಜಾಗ್ರತೆಯ ನಂತರವೂ ಒಂದು ದಿನ ತಪ್ಪಿತೆನ್ನೋಣ. ಉಂಡ ಒಂದೆರಡು ಗಂಟೆಗಳಲ್ಲಿಯೇ ಓಕರಿಕೆ, ವಾಂತಿ ಬರಬಹುದು. ಹೊಟ್ಟೆನೋವು, ಹೊಟ್ಟೆಯುಬ್ಬರ, ಭೇದಿ ಆನಂತರ ಬರಬಹುದು. ಕೆಲವರಿಗೆ ತಲೆಗೆ ಮಬ್ಬು ಕವಿದಂತಾಗಿ ಮೈ ಭಾರವಾಗುತ್ತದೆ. ಈ ಬಾಧೆ ಕೆಲವು ಗಂಟೆಗಳಿಂದ ಹಿಡಿದು ಕೆಲವು ದಿನಗಳವರೆಗೆ ಇರುವುದುಂಟು. ಮೊದಲು ತಿಳಿಯಬೇಕಾದುದು, ಒಂದು ಸಲದ ತಪ್ಪಿನಿಂದ ಪ್ರಾಣಾಪಾಯವಾಗುವುದು ಸಾಮಾನ್ಯವಲ್ಲ, ಕರುಳು ಮತ್ತೆ ಮಾಗುತ್ತದೆ ಎಂಬುದನ್ನು. ಆದರೆ ತುಟಿ, ನಾಲಗೆ ಊದಿಕೊಂಡು ಉಸಿರು ಕಟ್ಟುವಂತಾದರೆ ಅದು ಸೀಲಿಯಾಕ್ ಕಾಯಿಲೆಯ ಲಕ್ಷಣವಲ್ಲ. ಅಲರ್ಜಿಯಿರಬಹುದು, ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಹೊಟ್ಟೆ ಸೇರಿದ ಗ್ಲುಟೆನ್ನನ್ನು ನಿವಾರಿಸುವ ಮದ್ದು ಇಲ್ಲ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು, ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವುದು ಇವೆರಡೂ ನಮ್ಮ ಹಿರಿಯರಿಂದ ಬಂದ ರೂಢಿಗಳು. ಈ ಸಂದರ್ಭದಲ್ಲಿ ಅವುಗಳಿಂದ ದೇಹದ ನೀರು ಮತ್ತಷ್ಟು ಬತ್ತುವುದೇ ಹೊರತು ಲಾಭವಿಲ್ಲ. ಗ್ಲುಟೆನ್ ಕರಗಿಸುತ್ತವೆಂದು ಮಾರುವ ಮಾತ್ರೆಗಳು ಪಥ್ಯಕ್ಕೆ ಬದಲಾಗಲಾರವು. ಬೇಕಾದುದು ನೀರು ಮತ್ತು ವಿಶ್ರಾಂತಿ. ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಯಬೇಕು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಬಹುದು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಆರಂಭಿಸಬೇಕು.

ಇಲ್ಲಿ ಮನೆಯವರ ಅಕ್ಕರೆಯೇ ಮುಳುವಾಗುವುದುಂಟು. ಹೊಟ್ಟೆ ಕೆಟ್ಟವರಿಗೆ ತಂಪೆಂದು ಬಾರ್ಲಿ ನೀರು, ಹಗುರವೆಂದು ರವೆ ಗಂಜಿ, ಬಾಯಿಗೆ ರುಚಿಯೆಂದು ಬ್ರೆಡ್ಡು, ಟೋಸ್ಟು, ಶಕ್ತಿ ಬರಲೆಂದು ಮಾಲ್ಟಿನ ಪೇಯ ಕೊಡುವುದು ನಮ್ಮ ಮನೆಗಳ ಪದ್ಧತಿ. ಈ ಕಾಯಿಲೆಯವರಿಗೆ ಇವುಗಳಲ್ಲಿ ಒಂದೂ ಸಲ್ಲದು. ಕಾಲು ಜಾರಿ ಬಿದ್ದವರನ್ನು ಮತ್ತೊಮ್ಮೆ ಕೆಡವಿದಂತಾಗುತ್ತದೆ. ಅಕ್ಕಿಯ ಗಂಜಿ, ಮೆತ್ತಗೆ ಬೆಂದ ಅನ್ನ, ರಾಗಿ ಅಂಬಲಿ, ಎಳನೀರು, ಬಾಳೆಹಣ್ಣು ಇವು ಸಾಕು. ಕರುಳು ನೊಂದಾಗ ಹಾಲು ಕೆಲವರಿಗೆ ಕೆಲವು ದಿನ ಜೀರ್ಣವಾಗುವುದಿಲ್ಲ. ಹಾಗಾದಾಗ ಹಾಲನ್ನು ಬಿಟ್ಟು, ಒಗ್ಗಿದರೆ ಇಂಗಿಲ್ಲದ ತಿಳಿ ಮಜ್ಜಿಗೆಯನ್ನು ಕುಡಿಯಬಹುದು. ಪಾಪಪರಿಹಾರವೆಂಬಂತೆ ಎರಡು ದಿನ ಉಪವಾಸ ಕೂರುವುದು ತರವಲ್ಲ. ಮಲದಲ್ಲಿ ರಕ್ತ ಕಂಡರೆ, ಜ್ವರವಿದ್ದರೆ, ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ತಲೆ ಸುತ್ತಿದರೆ, ಮಗು ಮಂಕಾದರೆ ವೈದ್ಯರಲ್ಲಿಗೆ ಹೋಗಬೇಕು. ಗರ್ಭಿಣಿಯರು, ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಕಾಯುತ್ತ ಕೂರಬಾರದು. ವಾರ ಕಳೆದರೂ ಬಾಧೆ ಇಳಿಯದಿದ್ದರೆ ಗ್ಲುಟೆನ್ ಇನ್ನೂ ಎಲ್ಲಿಂದಲೋ ಒಳಗೆ ಹೋಗುತ್ತಿರಬಹುದು, ಅಥವಾ ಕಾಯಿಲೆ ಬೇರೆಯದೇ ಇರಬಹುದು.

ಮರುದಿನ ಮನಸ್ಸಿನಲ್ಲಿ ಏಳುವ ಎರಡು ಯೋಚನೆಗಳು ಹೊಟ್ಟೆನೋವಿಗಿಂತ ಹೆಚ್ಚು ಕೆಡುಕು ಮಾಡುತ್ತವೆ. ‘ಹೇಗೂ ಪಥ್ಯ ಕೆಟ್ಟಿತು, ಹಬ್ಬ ಮುಗಿಯುವವರೆಗೆ ಹೋಳಿಗೆಯನ್ನೂ ತಿಂದುಬಿಡೋಣ’ ಎಂಬುದೊಂದು. ‘ತಿಂದರೂ ಏನೂ ಆಗಲಿಲ್ಲ, ಕಾಯಿಲೆ ವಾಸಿಯಾಗಿದೆ’ ಎಂಬುದು ಮತ್ತೊಂದು. ಯಾವ ಬಾಧೆಯೂ ತೋರದೆ ಕರುಳು ಒಳಗೊಳಗೇ ಸವೆಯುವುದು ಈ ಕಾಯಿಲೆಯ ಸ್ವಭಾವ. ಒಂದು ತಪ್ಪಿನಿಂದಾಗುವ ಹಾನಿ ಮಾಗುತ್ತದೆ. ಪದೇ ಪದೇ ಆಗುವ ತಪ್ಪುಗಳಿಂದಾದುದು ಮಾಗಲು ಅವಕಾಶವೇ ಇರುವುದಿಲ್ಲ. ಏನು ಉಂಡೆವು, ಎಲ್ಲಿ ಉಂಡೆವು, ಎಷ್ಟು ಹೊತ್ತಿಗೆ ಬಾಧೆ ಶುರುವಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮೂರು ನಾಲ್ಕು ಸಲದಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ; ಅದು ಸಾರಿನ ಪುಡಿಯಿರಬಹುದು, ಗಿರಣಿಯಿರಬಹುದು. ಟಿ.ಟಿ.ಜಿ. ಎಂಬ ರಕ್ತಪರೀಕ್ಷೆ ಒಂದು ದಿನದ ತಪ್ಪನ್ನು ತೋರಿಸಲಾರದು, ತಿಂಗಳುಗಳ ಪಥ್ಯದ ಸ್ಥಿತಿಯನ್ನು ಅರಿಯಲು ನೆರವಾಗುತ್ತದೆ. ವೈದ್ಯರು ಹೇಳಿದ ಕಾಲಕ್ಕೆ ಅದನ್ನು ಮಾಡಿಸಬೇಕು. ಕಾಯಿಲೆಯ ಸಂಶಯವಷ್ಟೇ ಇರುವವರು ಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಡಕೂಡದು; ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣಿಸದೆ ಹೋಗಬಹುದು.

ಈಗ ದಾಸೋಹದ ಪಂಕ್ತಿಗೆ ಬರೋಣ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದಾಗಿರುವಾಗ ಅದನ್ನು ಬೇಡವೆನ್ನುವುದು ಹೇಗೆಂಬ ಅಳುಕು ಭಕ್ತರಲ್ಲಿ ಸಹಜ. ನವವಧು ಅತ್ತೆಮನೆಯ ಪೂಜೆಯಲ್ಲಿ, ವಿದ್ಯಾರ್ಥಿ ಸಹಪಾಠಿಗಳ ನಡುವೆ, ಬಾಯಿಬಿಟ್ಟು ಹೇಳಲಾರದೆ ಉಂಡು ಆಮೇಲೆ ಗುಟ್ಟಾಗಿ ನರಳುವುದುಂಟು. ಅರಿಯದೆ ಆದ ತಪ್ಪುಗಳೆಂದು ನಾವು ಕರೆಯುವವುಗಳಲ್ಲಿ ಕೆಲವು ಅರಿತೂ ಸಂಕೋಚಕ್ಕಾಗಿ ಆದವು. ‘ಪ್ರಸಾದ, ಏನೂ ಆಗುವುದಿಲ್ಲ, ಉಣ್ಣು ತಾಯಿ’ ಎಂದು ಒತ್ತಾಯಿಸುವ ಹಿರಿಯರ ಭಾವ ದೊಡ್ಡದೆಂಬುದನ್ನು ಒಪ್ಪುತ್ತೇವೆ. ಆದರೆ ಪ್ರಸಾದದ ಮಹಿಮೆಯನ್ನು ಇನ್ನೊಬ್ಬರ ಕರುಳಿನಲ್ಲಿ ಪರೀಕ್ಷಿಸುವುದು ಭಕ್ತಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಶರಣರು ಕಾಯವನ್ನು ಕಡೆಗಣಿಸಿದವರಲ್ಲ. ಪ್ರಸಾದಕಾಯವೆಂಬ ಮಾತೇ ನಮ್ಮ ಪರಂಪರೆಯಲ್ಲಿದೆ. ಹುಗ್ಗಿಯನ್ನು ಕೈಯೊಡ್ಡಿ ಪಡೆದು, ಕಣ್ಣಿಗೊತ್ತಿಕೊಂಡು ಪಕ್ಕದ ಮನೆಯವರಿಗೆ ಕೊಟ್ಟು ಕೈ ತೊಳೆದುಕೊಂಡರೆ ಪ್ರಸಾದಕ್ಕೆ ಅಗೌರವವಾಗಲಿಲ್ಲ, ಪೋಲೂ ಆಗಲಿಲ್ಲ. ಬಾಳೆಹಣ್ಣು, ಕಲ್ಲುಸಕ್ಕರೆ, ತೆಂಗಿನಕಾಯಿ ಇವೂ ಪ್ರಸಾದವೇ.

ದಾಸೋಹದ ಉಸ್ತುವಾರಿ ನೋಡುವ ಶರಣ ಬಂಧುಗಳಲ್ಲಿ ನಮ್ಮದೊಂದು ಬಿನ್ನಹವಿದೆ. ಸಾವಿರಾರು ಜನರ ಅಡುಗೆಯಲ್ಲಿ ಒಬ್ಬಿಬ್ಬರಿಗಾಗಿ ಬೇರೆ ಒಲೆ ಹೂಡುವುದು ಬೇಕಿಲ್ಲ. ಹುಗ್ಗಿಯ ಸೌಟು ಅನ್ನಕ್ಕೆ ತಾಗುವ ಮೊದಲೇ ಒಂದು ಮುಚ್ಚಿದ ಪಾತ್ರೆಯಲ್ಲಿ ಬಿಳಿ ಅನ್ನವನ್ನು, ಇಂಗಿನ ಒಗ್ಗರಣೆ ಬೀಳುವ ಮುನ್ನ ಒಂದಷ್ಟು ಬೆಂದ ಬೇಳೆಯನ್ನು ಬೇರೆ ಸೌಟಿನೊಡನೆ ತೆಗೆದಿರಿಸಿದರೆ ಸಾಕು. ಬೇಕಾದವರು ಮುಂಚಿತವಾಗಿ ಹೇಳಿ ಪಡೆಯುತ್ತಾರೆ. ಮಠದ ಪ್ರಸಾದ ನಿಲಯಗಳಲ್ಲಿ ಓದುವ ಮಕ್ಕಳ ಬಗೆಗೆ ಇನ್ನೂ ಹೆಚ್ಚಿನ ಗಮನ ಬೇಕು. ಬೆಳಗ್ಗೆ ಉಪ್ಪಿಟ್ಟಿರುವ ದಿನ ಅಂತಹ ಮಗುವಿಗೆ ಅವಲಕ್ಕಿಯೋ ರಾಗಿ ಗಂಜಿಯೋ ದೊರೆಯುವಂತಿರಬೇಕು, ಅದರ ತಟ್ಟೆ ಲೋಟಗಳು ಬೇರೆಯಾಗಿರಬೇಕು. ಸೇರಿಸುವಾಗಲೇ ತಂದೆತಾಯಿಗಳು ವೈದ್ಯರ ಪತ್ರದ ಒಂದು ಪ್ರತಿಯನ್ನು ನಿಲಯದ ಪಾಲಕರಿಗೂ, ಮತ್ತೊಂದನ್ನು ಅಡುಗೆಯವರಿಗೂ ಕೊಡಬೇಕು. ಪಾಲಕರು ಬದಲಾದಾಗ ಪತ್ರ ಕಡತದಲ್ಲಿಯೇ ಉಳಿದುಬಿಡಬಹುದು. ಅಡುಗೆಮನೆಯ ಗೋಡೆಗೆ ಅಂಟಿಸಿದ್ದು ದಿನವೂ ಕಣ್ಣಿಗೆ ಬೀಳುತ್ತದೆ.