ನಮ್ಮ ತಟ್ಟೆಗೆ ಬಾರದ ಈರುಳ್ಳಿಗೂ ಬೀಗ

ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಬೆಂಗಳೂರು ರೋಸ್ ಈರುಳ್ಳಿಯನ್ನು ಬೆಂಗಳೂರಿನವರೇ ಕೊಳ್ಳುವುದು ಅಪರೂಪ. ಗಡ್ಡೆ ಚಿಕ್ಕದು, ಘಾಟು ಜಾಸ್ತಿ. ಇದರ ಸಿಪ್ಪೆ ಸುಲಿಯುತ್ತ ಕೂತರೆ ಒಲೆಯ ಮೇಲಿನ ಒಗ್ಗರಣೆ ಸೀದೇ ಹೋಗುತ್ತದೆ! ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾದವರಿಗೆ ಮಾತ್ರ ಇದೇ ಬೇಕು. 2015ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದ ಈ ಬೆಳೆ ಚೆನ್ನೈನಲ್ಲಿ ಹಡಗು ಹತ್ತಿದರೆ ರೈತನಿಗೆ ದುಡ್ಡು, ಇಲ್ಲದಿದ್ದರೆ ತಿಪ್ಪೆಗೆ ಗೊಬ್ಬರ.

ಆದರೂ ದೆಹಲಿಯಲ್ಲಿ ಈರುಳ್ಳಿ ಬೆಲೆ ಏರಿದಾಗಲೆಲ್ಲ ಇದಕ್ಕೂ ಬೀಗ ಬೀಳುತ್ತದೆ. 2020ರ ಸೆಪ್ಟೆಂಬರ್ 14ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಈರುಳ್ಳಿ ರಫ್ತನ್ನು ನಿಷೇಧಿಸಿತು, ಆ ಕ್ಷಣದಿಂದಲೇ ಜಾರಿ. ಬಾಂಗ್ಲಾದೇಶದ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ರೋಸ್ ಬೆಳೆಗಾರರ ಕೂಗು ಕೇಳಿಸಲು ಅಕ್ಟೋಬರ್ 9 ಬರಬೇಕಾಯಿತು: 10,000 ಟನ್, ಚೆನ್ನೈ ಬಂದರಿನಿಂದ ಮಾತ್ರ. ಹಿಂದಿನ ವರ್ಷವೂ ಇದೇ ಕತೆ, ಆಗ ಸಿಕ್ಕಿದ್ದು 9,000 ಟನ್.

ವಿಚಿತ್ರವೆಂದರೆ, ಇದೇ 2020ರ ಜೂನ್ 8ರಂದು ಕಸ್ಟಮ್ಸ್ ಇಲಾಖೆ ‘ಮುಖರಹಿತ ಪರಿಶೀಲನೆ’ಯನ್ನು ಮೊದಲು ಆರಂಭಿಸಿದ್ದು ಬೆಂಗಳೂರು ಮತ್ತು ಚೆನ್ನೈನಲ್ಲಿ. ಆಮದು ಸರಕಿನ ಕಾಗದಪತ್ರವನ್ನು ಇನ್ನೆಲ್ಲೋ ಕುಳಿತ ಅಧಿಕಾರಿ ಪರದೆಯ ಮೇಲೆ ನೋಡಿ ಮುಗಿಸುತ್ತಾನೆ. ಆಮದುದಾರ ಮೇಜಿನಿಂದ ಮೇಜಿಗೆ ಅಲೆಯಬೇಕಿಲ್ಲ. ರಫ್ತಿನ ಶಿಪ್ಪಿಂಗ್ ಬಿಲ್ ಅಂತೂ ಎಂದೋ ಕಂಪ್ಯೂಟರಿಗೆ ಹೋಗಿತ್ತು. ಆದರೆ ಕಂಟೇನರಿನೊಳಗಿರುವುದು ರೋಸ್ ಈರುಳ್ಳಿಯೋ ಬೇರೆಯದೋ ಎಂದು ಕಂಪ್ಯೂಟರ್ ಹೇಗೆ ಹೇಳೀತು? ಅದಕ್ಕೆ ಕರ್ನಾಟಕದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಬೇಕಿತ್ತು. 2023ರ ಆಗಸ್ಟ್‌ನಲ್ಲಿ ಈರುಳ್ಳಿಗೆ ಶೇ 40 ರಫ್ತು ಸುಂಕ ಬಿದ್ದು, ಸೆಪ್ಟೆಂಬರ್ ಕೊನೆಗೆ ರೋಸ್‌ಗೆ ವಿನಾಯಿತಿ ಸಿಕ್ಕಾಗಲೂ ಷರತ್ತು ಅದೇ. ತಳಿ ಯಾವುದು, ತೂಕ ಎಷ್ಟು ಎಂದು ಸಹಿ ಮಾಡಿಕೊಡಬೇಕಿತ್ತು. ಅಷ್ಟೆಲ್ಲ ಗಣಕೀಕರಣದ ನಂತರವೂ ಗಡ್ಡೆಯ ಹಣೆಬರಹ ಒಂದು ಸಹಿಯಲ್ಲಿತ್ತು.

ಇದರಲ್ಲಿ ಕಸ್ಟಮ್ಸ್‌ನವರ ತಪ್ಪೇನೂ ಕಾಣದು. ನಿಷೇಧ ವಾಣಿಜ್ಯ ಸಚಿವಾಲಯದ್ದು, ಸುಂಕ ಹಣಕಾಸು ಸಚಿವಾಲಯದ್ದು, ಬೆಲೆಯ ಚಿಂತೆ ಗ್ರಾಹಕ ವ್ಯವಹಾರ ಇಲಾಖೆಯದ್ದು. ಗೇಟಿನಲ್ಲಿ ನಿಂತು ಬೈಸಿಕೊಳ್ಳುವವರಷ್ಟೇ ಇವರು. ಇನ್ನೊಂದು ಸೂಕ್ಷ್ಮವೂ ಇದೆ. ವ್ಯವಸ್ಥೆ ಚುರುಕಾದಷ್ಟೂ ನಿಷೇಧವೂ ಚುರುಕಾಗುತ್ತದೆ. 2023ರ ಡಿಸೆಂಬರ್ 8ರಿಂದ ಮತ್ತೆ ರಫ್ತು ನಿಂತಾಗ, ಆದೇಶಕ್ಕೆ ಮುನ್ನ ಕಸ್ಟಮ್ಸ್ ವಶಕ್ಕೆ ಒಪ್ಪಿಸಿ ಅವರ ವ್ಯವಸ್ಥೆಯಲ್ಲಿ ನೋಂದಣಿಯಾದ ಸರಕಿಗೆ ಹೋಗುವ ದಾರಿಯಿತ್ತು. ಹೊಸಕೋಟೆ ದಾಟಿ ಹೆದ್ದಾರಿಯಲ್ಲಿದ್ದ ಲಾರಿಗೆ ಆ ದಾರಿ ಇಲ್ಲ.

ಆಹಾರದ ತೀವ್ರ ಕೊರತೆ ನೀಗಿಸಲು ತಾತ್ಕಾಲಿಕವಾಗಿ ರಫ್ತು ತಡೆಯುವುದಕ್ಕೆ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದಲ್ಲೇ ಅವಕಾಶವಿದೆ. ಬಡವರ ಅಡುಗೆಮನೆಯನ್ನು ಕಾಯಬೇಕಾದ ಸರ್ಕಾರ ಈ ಅಸ್ತ್ರವನ್ನು ಬಿಟ್ಟುಕೊಡಬೇಕೆಂದು ನಾನೂ ಹೇಳಲಾರೆ. ಆದರೆ ಇಲ್ಲಿಯವರು ತಿನ್ನದ ಈರುಳ್ಳಿಯನ್ನು ತಡೆದರೆ ಇಲ್ಲಿಯ ಬೆಲೆ ಇಳಿಯುವುದು ಹೇಗೆ? ನಾಸಿಕದ ಬೆಳೆಗಾರರ ತಕರಾರೇ ಬೇರೆ. 2024ರ ಮೇನಲ್ಲಿ ನಿಷೇಧ ತೆರವಾಗಿ ರೋಸ್‌ಗೆ ಮತ್ತೆ ಸುಂಕ ವಿನಾಯಿತಿ ಬಂದಾಗ, ಕರ್ನಾಟಕಕ್ಕಿರುವ ಸವಲತ್ತು ನಮಗೇಕಿಲ್ಲ ಎಂದು ಕೇಳಿದರು. ಅವರ ಸಿಟ್ಟು ನ್ಯಾಯವೇ, ಆದರೆ ಅವರ ಕೆಂಪು ಗಡ್ಡೆ ನಮ್ಮ ಸಂತೆಗೂ ಬರುತ್ತದೆ, ರೋಸ್ ಬರುವುದಿಲ್ಲ.

2025ರ ಏಪ್ರಿಲ್ 1ರಂದು ಉಳಿದಿದ್ದ ಶೇ 20 ಸುಂಕವೂ ಹೋಯಿತು. ಮುಂದಿನ ಬೆಲೆಯೇರಿಕೆಗೆ ಮುನ್ನ ಮಾಡಬಹುದಾದ ಕೆಲಸವೊಂದಿದೆ: ರೋಸ್ ಈರುಳ್ಳಿಯನ್ನು ಯಾವುದೇ ನಿಷೇಧದ ಮೊದಲ ದಿನದಿಂದಲೇ ಹೊರಗಿಟ್ಟು, ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರ ನೇರವಾಗಿ ಕಸ್ಟಮ್ಸ್ ಕಂಪ್ಯೂಟರಿಗೆ ಹೋಗುವಂತೆ ಮಾಡುವುದು. ಮೂರ್ನಾಲ್ಕು ವಾರ ತಡವಾಗಿ ಬರುವ ವಿನಾಯಿತಿಯ ಹೊತ್ತಿಗೆ, ಕಿತ್ತು ರಾಶಿ ಹಾಕಿದ ಗಡ್ಡೆ ಮೊಳಕೆಯೊಡೆದಿರುತ್ತದೆ.