ಹಳೆಯ ಗಾಡಿಯ ಕಣ್ಣೀರು

ನಮ್ಮ ಕಾರಿಗೆ ಈಗ ಹದಿನೇಳು ವರ್ಷ. ತೀರ್ಥರೂಪರು ಪುಣೆಯಲ್ಲಿ ನೌಕರಿಯಿಂದ ನಿವೃತ್ತರಾದಾಗ ಕೈಗೆ ಬಂದ ಗಂಟಿನಲ್ಲಿ ಕೊಂಡದ್ದು. ಅವರು ತೀರಿಕೊಂಡು ಆರು ವರ್ಷವಾಯಿತು, ಕಾರು ಉಳಿದಿದೆ. ಹದಿನೈದು ತುಂಬಿದಾಗ ತಪಾಸಣೆ ಮಾಡಿಸಿ, ನೋಂದಣಿಯನ್ನು ನವೀಕರಿಸಿಕೊಂಡೆವು. ಹೊಸದನ್ನು ಕೊಳ್ಳಿರೆಂದು ಹೇಳುವ ಸ್ನೇಹಿತರಿಗೆ ಕೊರತೆಯಿಲ್ಲ. ಆದರೆ ಮುಂದಿನ ಸೀಟಿನಲ್ಲಿ ಕುಳಿತೊಡನೆ ಎಲೆಯಡಿಕೆಯ ಚೀಲ ಬಿಚ್ಚುವ ನಮ್ಮ ತಾಯಿಯವರೆದುರು ಆ ಮಾತೆತ್ತುವ ಧೈರ್ಯ ನಮಗಿಲ್ಲ.

ಒಂದು ಮುಂಜಾನೆ ತುಳಸಿ ಕೊಯ್ಯಲು ಕೆಳಗಿಳಿದಿದ್ದ ತಾಯಿಯವರು ಕಾರಿನ ಬಳಿ ನಿಂತು ನಮ್ಮನ್ನು ಕೂಗಿದರು.

“ಅಲ್ಲೋ, ಗಾಡಿ ಯಾಕ ಅಳ್ಳಿಕ್ಕತ್ತದ?”

ಬಗ್ಗಿ ನೋಡಿದೆವು. ಮುಂದಿನ ಗಾಲಿಗಳ ನಡುವೆ, ಫರಸಿಯ ಮೇಲೆ ನಾಲ್ಕಾರು ಕೆಂಪು ಹನಿ.

“ಹಳೇ ಗಾಡಿ ಅವ್ವಾ, ವಯಸ್ಸಾದ ಮ್ಯಾಲ ಅಷ್ಟಿಷ್ಟು ಇರೋದ.”

“ವಯಸ್ಸಾತು ಅಂದ್ರ ಅಳಬೇಕೇನು?” ಎಂದು ಅವರು ತುಳಸಿಯೊಡನೆ ಮೇಲೆ ಹೋದರು. ಎಪ್ಪತ್ತೆಂಟರ ಅವರ ಮುಂದೆ ನಾವು ಆಡಬಾರದ ಮಾತನ್ನು ಆಡಿದ್ದೆವು.

ನಿಜ ಹೇಳಬೇಕೆಂದರೆ ಆ ಹನಿಗಳು ನಮಗೆ ಹೊಸವಲ್ಲ. ಮೂರು ತಿಂಗಳಿಂದ ಕಾರನ್ನು ಹಿಂದೆ ಮುಂದೆ ಮಾಡಿ ನಿಲ್ಲಿಸುವಾಗ ಸ್ಟಿಯರಿಂಗ್ ಚಕ್ರ ಬಿಗಿಯಾಗುತ್ತಿತ್ತು. ಪೂರ್ತಿ ತಿರುಗಿಸಿದರೆ ಬಾನೆಟ್ಟಿನೊಳಗಿಂದ ನರಳಿದಂಥ ಸದ್ದು. ಆಗೆಲ್ಲ ಪವರ್ ಸ್ಟಿಯರಿಂಗಿನ ಡಬ್ಬಿಗೆ ಸ್ವಲ್ಪ ಎಣ್ಣೆ ಹೊಯ್ದು, ಕೆಲಸ ಮುಗಿಯಿತೆಂದು ಕೈ ಒರೆಸಿಕೊಳ್ಳುತ್ತಿದ್ದೆವು. ಆದರೆ ಈ ಸಲ ಮುಂದೂಡುವಂತಿರಲಿಲ್ಲ. ಧಾರವಾಡದಲ್ಲಿ ಸೋದರಮಾವನವರ ಸಹಸ್ರಚಂದ್ರ ದರ್ಶನ ಶಾಂತಿ. ತಾಯಿಯವರಿಗೆ ಉಳಿದಿರುವ ಅಣ್ಣ ಅವರೊಬ್ಬರೇ. ಮೊಣಕಾಲಿನ ನೋವಿನಿಂದ ಬಸ್ಸು ರೈಲುಗಳ ಮೆಟ್ಟಿಲು ಅವರಿಗೆ ಆಗದು. ಖಂಬಾಟಕಿ ಘಾಟವನ್ನು ದಾಟಿ, ಸಾತಾರಾ, ಕೊಲ್ಲಾಪುರ, ಬೆಳಗಾವಿಯ ಮೇಲೆ ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಇದೇ ಕಾರಿನಲ್ಲಿ ಸಾಗಬೇಕು.

ಈ ಯಂತ್ರದ ಕಥೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇವೆ. ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕದ ಇಂಜಿನಿಯರರು ೧೯೨೬ರಲ್ಲಿಯೇ ಎಣ್ಣೆಯ ಒತ್ತಡದಿಂದ ಗಾಲಿ ತಿರುಗಿಸುವ ಉಪಾಯವನ್ನು ಕಾರಿಗೆ ಅಳವಡಿಸಿ ತೋರಿಸಿದರು. ಮಾರಾಟದ ಕಾರಿನಲ್ಲಿ ಅಂಥ ವ್ಯವಸ್ಥೆ ಬಂದದ್ದು ೧೯೫೧ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ. ಇಂದಿನ ಹೊಸ ಕಾರುಗಳಲ್ಲಿ ಬಹುಪಾಲು ವಿದ್ಯುತ್ ಮೋಟಾರೇ ಈ ಕೆಲಸ ಮಾಡುತ್ತದೆ. ಅವುಗಳಲ್ಲಿ ಸೋರಲು ಎಣ್ಣೆಯೇ ಇಲ್ಲ. ನಮ್ಮಂಥವರ ಹಳೆಯ ಕಾರಿನಲ್ಲಿ ಮಾತ್ರ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಡಬ್ಬಿಯ ಎಣ್ಣೆಯನ್ನು ಹೀರಿ, ಗಟ್ಟಿ ಪೈಪಿನ ಮೂಲಕ ರ್ಯಾಕಿಗೆ ನೂಕುತ್ತದೆ. ಅಲ್ಲಿ ಗಾಲಿಗಳನ್ನು ತಿರುಗಿಸಲು ನೆರವಾಗಿ, ಎಣ್ಣೆ ಇನ್ನೊಂದು ಪೈಪಿನಿಂದ ಡಬ್ಬಿಗೆ ಮರಳುತ್ತದೆ. ಟೈರಿನಲ್ಲಿ ಗಾಳಿಯ ಒತ್ತಡ ಚದರ ಅಂಗುಲಕ್ಕೆ ಮೂವತ್ತು ಪೌಂಡಿನ ಆಸುಪಾಸು; ಈ ಗಟ್ಟಿ ಪೈಪಿನಲ್ಲಿ ಸಾವಿರ ಪೌಂಡನ್ನೂ ಮೀರಬಹುದು. ವರ್ಷಗಳ ಕಾವಿಗೆ ರಬ್ಬರು ಬಿರುಸಾದರೆ ಎಣ್ಣೆ ದಾರಿ ಹುಡುಕಿಕೊಳ್ಳುತ್ತದೆ.

ಮೊದಲು ಹೋದದ್ದು ಒಂದು ದೊಡ್ಡ ಗ್ಯಾರೇಜಿಗೆ. ಕಾರನ್ನು ಎತ್ತಿ, ದೀಪ ಹಿಡಿದು, “ರ್ಯಾಕ್ ಒದ್ದೆಯಾಗಿದೆ, ಇಡೀ ರ್ಯಾಕ್ ಬದಲಿಸಬೇಕು” ಎಂದರು. ಹೇಳಿದ ಮೊತ್ತ ಕೇಳಿ ನಮ್ಮ ಮನೆಯವರು, “ಇಷ್ಟು ರೊಕ್ಕಾ ಇದಕ್ಕ ಹಾಕೋದಕ್ಕಿಂತ ಬಾಡಿಗಿ ಗಾಡಿ ಮಾಡೂಣು. ಇದನ್ನ ಮಾರಿಬಿಡ್ರಿ” ಎಂದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ರಾತ್ರಿ ತಾಯಿಯವರು ಊಟದಲ್ಲಿ ಒಂದು ಮಾತೂ ಆಡಲಿಲ್ಲ.

ಮರುದಿನ, ತೀರ್ಥರೂಪರ ಕಾಲದಿಂದ ಪರಿಚಯವಿದ್ದ ಒಬ್ಬ ಮರಾಠಿ ಮೆಕ್ಯಾನಿಕರ ಬಳಿ ಹೋದೆವು. ಅವರು ಹನಿ ನೋಡಿದರು, ನಮ್ಮ ಮುಖ ನೋಡಿದರು. “ಆಧೀ ಧುವೂನ್ ಬಘೂಯಾ” ಎಂದರು. ಮೊದಲು ತೊಳೆದು ನೋಡೋಣ ಎಂದು ಅರ್ಥ. ದೊಡ್ಡ ಗ್ಯಾರೇಜಿನಲ್ಲಿ ಮಾಡದೆ ಬಿಟ್ಟ ಕೆಲಸ ಅದೊಂದೇ.

ಎಣ್ಣೆಯ ಜಿಡ್ಡೆಲ್ಲ ಹೋಗುವಂತೆ ತೊಳೆದು ಒಣಗಿಸಿದರು. ಕೆಳಗೆ ರಟ್ಟಿನ ಹಾಳೆ ಹಾಸಿದರು. ಎಂಜಿನ್ ಸುರುಮಾಡಿ, ಅವರ ಹುಡುಗ ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿದ್ದಂತೆ, ಗಟ್ಟಿ ಪೈಪಿನಲ್ಲಿ ರಬ್ಬರು ಲೋಹದ ತುದಿಯೊಡನೆ ಕೂಡುವ ಕಡೆ ಒಂದು ಮಣಿ ಮೂಡಿತು. ಅದು ಪೈಪಿನ ಗುಂಟ ಹರಿದು ರ್ಯಾಕಿನ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕೆ ಜಾರುತ್ತಿತ್ತು. ಬಳಿಕ ರ್ಯಾಕಿನ ಎರಡು ತುದಿಯ ರಬ್ಬರ್ ಬುರುಕಿಗಳನ್ನು ಸಡಿಲಿಸಿ ಒಳಗೆ ಬೆರಳಾಡಿಸಿದರು: ಒಣಗಿತ್ತು. ಸೀಲು ಹೋಗಿದ್ದರೆ ಎಣ್ಣೆ ಅಲ್ಲಿ ತುಂಬಿರುತ್ತಿತ್ತಂತೆ. ರ್ಯಾಕಿನ ಮೇಲಿನ ದೂರು ಹೀಗೆ ಅಲ್ಲಿಗೇ ಮುಗಿಯಿತು.

ಅಲ್ಲಿಯೇ ಕ್ಲಿಪ್ಪು ಹಾಕಿ ಬಿಗಿಯಬಾರದೇ ಎಂದು ಕೇಳಿದೆವು. ಅವರು ನಕ್ಕರು. ಡಬ್ಬಿಗೆ ಮರಳುವ ಪೈಪಾಗಿದ್ದರೆ, ಅಲ್ಲಿ ಒತ್ತಡ ಕಡಿಮೆಯಾದ್ದರಿಂದ, ಎಣ್ಣೆ ತಾಳುವ ಹೊಸ ರಬ್ಬರು ಹಾಕಿ ಕ್ಲಿಪ್ಪಿನಿಂದ ಬಿಗಿಯಬಹುದು. ಗಟ್ಟಿ ಪೈಪನ್ನು ಬದಲಿಸಲೇಬೇಕು. ಸೋರಿಕೆ ನಿಲ್ಲಿಸುವ ಔಷಧಿಯ ಬಾಟಲಿಯೂ ಸಿಗುತ್ತದೆ. ಅದು ಒಣಗಿದ ಸೀಲನ್ನು ಕೊಂಚ ಉಬ್ಬಿಸಿ ಕೆಲಕಾಲ ತಡೆದೀತು, ಬಿರಿದ ಪೈಪಿಗೆ ಉಪಯೋಗವಿಲ್ಲ. ಆಮೇಲೆ ಅವರು ಬೆಲ್ಟನ್ನು ತೋರಿಸಿದರು. ಅದಕ್ಕೂ ಎಣ್ಣೆ ಸಿಡಿದಿತ್ತು. ಒಂದು ಗೇಣಿನಾಚೆ, ಕೆಂಡದಂತೆ ಕಾಯುವ ಸೈಲೆನ್ಸರಿನ ಪೈಪು. “ಸಾಹೇಬ, ಎಣ್ಣೆ ಅದರ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು. ಮುದುಕಿಯನ್ನು ಕೂರಿಸಿಕೊಂಡು ಘಾಟ ಹತ್ತುವವರಿದ್ದಿರಾ?” ನಮಗೆ ಉತ್ತರ ಹೊಳೆಯಲಿಲ್ಲ.

ಹೊಸ ಪೈಪು, ಹೊಸ ವಾಷರು, ಹೊಸ ಬೆಲ್ಟು. ಖರ್ಚು ರ್ಯಾಕಿಗೆ ಹೇಳಿದ್ದರ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಎಣ್ಣೆ ತುಂಬಿ, ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿ, ಎಂಜಿನ್ ಬಂದ್ ಇಟ್ಟುಕೊಂಡೇ ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ಮೆಲ್ಲಗೆ ಹಲವು ಸಲ ತಿರುಗಿಸಿದರು. ಒಳಗೆ ಸೇರಿದ ಗಾಳಿ ಡಬ್ಬಿಯಲ್ಲಿ ಗುಳ್ಳೆಯಾಗಿ ಹೊರಟಿತು. ಗುಳ್ಳೆ ನಿಂತ ಮೇಲೆಯೇ ಎಂಜಿನ್ ಸುರುಮಾಡಿದರು. ನರಳುವ ಸದ್ದು ಮಾಯವಾಗಿತ್ತು.

ಹಳೆಯ ಕಾರುಳ್ಳ ಬಂಧುಗಳಿಗೆ ನಾವು ಕಲಿತ ನಾಲ್ಕು ಮಾತು. ರಾತ್ರಿ ಕಾರಿನ ಕೆಳಗೆ ಬಿಳಿಯ ರಟ್ಟು ಹಾಸಿ, ಬೆಳಗ್ಗೆ ಹನಿ ಬಿದ್ದ ಜಾಗ ನೋಡಿರಿ. ಡಬ್ಬಿಯ ಮುಚ್ಚಳದ ಮೇಲೆ ಅಥವಾ ಕಾರಿನ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿರಿ. ಎಲ್ಲ ಕಾರಿಗೂ ಕೆಂಪು ಎಣ್ಣೆಯಲ್ಲ, ಬ್ರೇಕಿನ ಎಣ್ಣೆಯಂತೂ ಸೀಲುಗಳನ್ನೇ ಕೆಡಿಸುತ್ತದೆ. ಚಕ್ರವನ್ನು ಕೊನೆಗೆ ತಿರುಗಿಸಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿರಿ. ಎಂಜಿನ್ ನಡೆಯುತ್ತಿರುವಾಗ ಸೋರುವ ಜಾಗವನ್ನು ಕೈಯಿಂದ ಮುಟ್ಟಬೇಡಿರಿ. ಸೂಜಿಮೊನೆಯ ತೂತಿನಿಂದ ಚಿಮ್ಮಿದ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು. ದಾರಿಯಲ್ಲಿ ಎಣ್ಣೆ ಬರಿದಾದರೂ ಚಕ್ರ ತಿರುಗುತ್ತದೆ, ಆದರೆ ಬಹಳ ಭಾರವಾಗುತ್ತದೆ. ಗಾಬರಿಯಾಗದೆ, ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಬದಿಗೆ ನಿಲ್ಲಿಸಿರಿ. ಬರಿದಾದ ಪಂಪನ್ನು ಓಡಿಸಿದರೆ ಅದೂ ಹಾಳಾಗುತ್ತದೆ.

ಶಾಂತಿಯ ಹಿಂದಿನ ಸಂಜೆ ಧಾರವಾಡ ಮುಟ್ಟಿದೆವು. ಅಣ್ಣ ತಂಗಿ ಅರ್ಧ ರಾತ್ರಿಯವರೆಗೆ ಮಾತಾಡಿದರು. ಬೆಳಗ್ಗೆ ಅಂಗಳಕ್ಕೆ ಬಂದು ನೋಡಿದರೆ, ತಾಯಿಯವರು ಮಾವನವರ ಕೈ ಹಿಡಿದುಕೊಂಡು, ಮೊಣಕಾಲಿನ ನೋವಿನಲ್ಲಿಯೂ ಬಗ್ಗಿ, ಕಾರಿನ ಕೆಳಗೆ ಇಣುಕುತ್ತಿದ್ದರು.

“ಇವತ್ತ ಅತ್ತಿಲ್ಲ ಬಿಡು” ಎಂದರು.