ಚಿಪ್ಪುಮೀನಿನ ವಿಷಬಾಧೆ: ಲಕ್ಷಣ ಮತ್ತು ಚಿಕಿತ್ಸೆ

ಚೆನ್ನಾಗಿ ಬೇಯಿಸಿದ ಆಹಾರ ನಿರಪಾಯವೆಂಬುದು ರೂಢಿಯ ನಂಬಿಕೆ. ಚಿಪ್ಪುಮೀನಿನ ವಿಷಯದಲ್ಲಿ ಆ ನಂಬಿಕೆ ಪ್ರಾಣಕ್ಕೇ ಕುತ್ತು ತರಬಹುದು. 1981ರಲ್ಲಿ ತಮಿಳುನಾಡಿನಲ್ಲಿ ಚಿಪ್ಪುಮೀನು ತಿಂದ ಮೂವರು ಮೃತಪಟ್ಟರು. 1983ರಲ್ಲಿ ಮಂಗಳೂರಿನ ಸಮೀಪದ ಕುಂಬಳೆ ಅಳಿವೆಯ ಮರುವಾಯಿಯಿಂದ ಇದೇ ಬಾಧೆ ತಲೆದೋರಿತು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಏಳು ಮಂದಿ ಅಸುನೀಗಿದರು. ಮೂಕಂಡಪಲ್ಲಿಗೆ ಕಡಲು ದೂರವಾದರೂ ಶಾಲಾ ಪ್ರವಾಸಗಳು ಕಡಲತೀರವನ್ನು ತಲುಪುವುದರಿಂದ ಇಲ್ಲಿನ ಶಿಕ್ಷಕರಿಗೂ ಈ ತಿಳಿವಳಿಕೆ ಅಗತ್ಯ.

ಕಡಲಿನ ಕೆಲವು ಸೂಕ್ಷ್ಮ ಪಾಚಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ನೀರನ್ನು ಸೋಸಿ ಪಾಚಿಯನ್ನು ತಿನ್ನುವ ಚಿಪ್ಪುಮೀನಿನ ಮಾಂಸದಲ್ಲಿ ಅದು ಸಂಗ್ರಹವಾಗುತ್ತದೆ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಅದು ನಾಶವಾಗದು. ನರಗಳ ಸಂದೇಶವನ್ನು ತಡೆದು ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುವುದೇ ಅದರ ಕಾರ್ಯ.

ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ತುಟಿ, ನಾಲಿಗೆಗಳು ಜುಮುಗುಟ್ಟುತ್ತವೆ. ಬಳಿಕ ಮುಖಕ್ಕೂ ಬೆರಳುಗಳಿಗೂ ಮರಗಟ್ಟುವಿಕೆ ಹರಡುತ್ತದೆ. ಮಾತು ತೊದಲುವುದು, ನಡಿಗೆ ತಪ್ಪುವುದು, ಉಸಿರಾಟ ಕಷ್ಟವಾಗುವುದು ಅಪಾಯದ ಸೂಚನೆಗಳು.

ಈ ವಿಷಕ್ಕೆ ಪ್ರತ್ಯೌಷಧವಿಲ್ಲ. ತುಟಿ ಜುಮುಗುಟ್ಟಿದೊಡನೆ, ಇತರ ಲಕ್ಷಣಗಳಿಗೆ ಕಾಯದೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ತಿಂದ ಪದಾರ್ಥವನ್ನು ವೈದ್ಯರಿಗೆ ತಿಳಿಸಬೇಕು. ಉಸಿರು ನಿಂತರೆ ಕೃತಕ ಉಸಿರಾಟವೇ ಜೀವದಾಯಕ. ವಿಷವು ಮೂತ್ರದ ಮೂಲಕ ಹೊರಹೋಗುವವರೆಗೆ ಯಂತ್ರದ ನೆರವಿನಿಂದ ಉಸಿರಾಟವನ್ನು ಕಾಯ್ದರೆ ರೋಗಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾನೆ. ಮಾತನಾಡಲಾಗದ ರೋಗಿಗೂ ಪ್ರಜ್ಞೆ ಇರಬಹುದಾದ್ದರಿಂದ ಧೈರ್ಯದ ಮಾತು ಹೇಳುತ್ತಿರಬೇಕು.

ತರಗತಿಯಲ್ಲಿ ಈ ಲಕ್ಷಣಗಳನ್ನು ಕ್ರಮವಾಗಿ ಬರೆಸಿ, ಬೇಯಿಸುವುದರಿಂದ ರೋಗಾಣು ಸಾಯುತ್ತದೆ, ಈ ವಿಷ ಅಳಿಯದು ಎಂಬ ವ್ಯತ್ಯಾಸವನ್ನು ಮಕ್ಕಳಿಂದಲೇ ಹೇಳಿಸುವುದು ಉಚಿತ.